ನಿಮಗೆಂದೇ ಅರ್ಧ ಗಂಟೆ

ಗುರುಗುಂಟಾದಂಥ ಊರಿನಲ್ಲಿ ಗೃಹಿಣಿಯ ದಿನ ಬೆಳಕು ಹರಿಯುವ ಮೊದಲೇ ಆರಂಭವಾಗುತ್ತದೆ. ನೀರು, ರೊಟ್ಟಿ, ಮಕ್ಕಳ ಬುತ್ತಿ, ಹೊಲದ ಕೆಲಸ. ಮನೆಯವರು ಹಟ್ಟಿ ಚಿನ್ನದ ಗಣಿಗೆ ಪಾಳಿಯ ಮೇಲೆ ಹೋಗುವವರಾದರೆ ಅಡುಗೆಗೂ ನಿದ್ರೆಗೂ ಗೊತ್ತಾದ ಹೊತ್ತಿಲ್ಲ. ‘ನನಗೆಲ್ಲಿದೆ ಪುರುಸೊತ್ತು?’ ಎನ್ನುವಿರಾ?

2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವವರಲ್ಲಿ ಮಹಿಳೆಯರು ದಿನಕ್ಕೆ ಸರಾಸರಿ 289 ನಿಮಿಷ, ಪುರುಷರು 88 ನಿಮಿಷ ದುಡಿಯುತ್ತಾರೆ. ಬಿಡುವಿಲ್ಲದ ದುಡಿಮೆಯಿಂದ ತಲೆನೋವು, ಸೊಂಟನೋವು, ನಿದ್ರಾಹೀನತೆ, ಸಿಡುಕು ಕಾಣಿಸಿಕೊಳ್ಳಬಹುದು.

ಹೀಗೆ ಮಾಡಿ ನೋಡಿ. ರಾತ್ರಿಯೇ ನಾಳೆಯ ಕೆಲಸಗಳನ್ನು ಮಕ್ಕಳ ಹಳೆಯ ನೋಟುಬುಕ್ಕಿನಲ್ಲಿ ಬರೆದುಕೊಳ್ಳಿ. ನೀವೇ ಮಾಡಬೇಕಾದವು, ಬೇರೆಯವರು ಮಾಡಬಹುದಾದವು, ನಾಳಿದ್ದಿಗೆ ಬಿಡಬಹುದಾದವು ಎಂದು ವಿಂಗಡಿಸಿ. ನೀರು ತುಂಬುವುದು, ಹಾಸಿಗೆ ಮಡಚುವುದು ಪತಿ, ಮಕ್ಕಳ ಪಾಲಿಗಿರಲಿ. ಅರ್ಧ ಗಂಟೆಯನ್ನು ನಿಮಗೆಂದೇ ಮೊದಲು ತೆಗೆದಿಡಿ. ನಡೆಯಿರಿ, ಓದಿ, ಇಲ್ಲವೇ ಸುಮ್ಮನೆ ಕುಳಿತುಕೊಳ್ಳಿ. ರಾತ್ರಿ ಏಳು ಗಂಟೆಯಾದರೂ ನಿದ್ರೆ ಮಾಡಿ. ಎರಡು ವಾರವಾದರೂ ಬೇಸರ, ನಿದ್ರಾಹೀನತೆ ಹೋಗದಿದ್ದರೆ ವೈದ್ಯರನ್ನು ಕಾಣಿ.

ಪತ್ರಿಕೆ ಓದುತ್ತಿರುವ ಯಜಮಾನರೇ, ನೀವು ಓದುವ ಈ ಹೊತ್ತಿನಲ್ಲಿ ಮನೆಯಾಕೆ ಏನು ಮಾಡುತ್ತಿದ್ದಾರೆ? ಒಮ್ಮೆ ಒಳಗೆ ಹೋಗಿ ನೋಡಿ. ಆ ಅರ್ಧ ಗಂಟೆ ಅಲ್ಲಿಂದಲೇ ಸಿಗಬೇಕು.