ಮನೆಯವರಿಗೆಲ್ಲ ಒಂದೇ ವ್ಯಾಯಾಮವೇ?

ಮನೆಯಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದರೆ ಸಾಕು, ಮರುದಿನದಿಂದ ಎಲ್ಲರಿಗೂ ವ್ಯಾಯಾಮದ ಹುಮ್ಮಸ್ಸು ಬರುತ್ತದೆ. ಮೊಬೈಲಿನಲ್ಲಿ ಯಾರೋ ತರುಣಿ ಮಾಡಿ ತೋರಿಸಿದ್ದನ್ನು ಹೈಸ್ಕೂಲಿಗೆ ಹೋಗುವ ಮಗಳು, ಆಗಷ್ಟೇ ಹೆರಿಗೆಯಾದ ಸೊಸೆ, ಮೊಣಕಾಲು ನೋವಿನ ಅತ್ತೆ ಎಲ್ಲರೂ ಒಟ್ಟಿಗೆ ಶುರು ಮಾಡುತ್ತಾರೆ. ಹದಿನೈದು ದಿನಗಳಲ್ಲಿ ಮಗಳಿಗೆ ಬೇಸರ, ಸೊಸೆಗೆ ಸೊಂಟ ನೋವು, ಅತ್ತೆಗೆ ಮೊಣಕಾಲು ಊತ. ‘ಇದೆಲ್ಲ ನಮಗೆ ಆಗಿಬರುವುದಿಲ್ಲ’ ಎಂದು ಕೈಬಿಡುತ್ತಾರೆ.

ಸಹೋದರಿಯರೇ, ರವಿಕೆ ಹೊಲಿಸಲು ಪ್ರತಿಯೊಬ್ಬರ ಅಳತೆ ಕೊಡುವ ನಾವು ವ್ಯಾಯಾಮಕ್ಕೆ ಮಾತ್ರ ಅಳತೆಯೇ ಬೇಡ ಎನ್ನುತ್ತೇವೆ. ನಿಲ್ಲಲಾಗದವರು ಕುಳಿತು, ಕುಳಿತುಕೊಳ್ಳಲೂ ಆಗದವರು ಮಲಗಿ ನಮಾಝ್ ನಿರ್ವಹಿಸಬಹುದೆಂಬ ರಿಯಾಯಿತಿ ನಮಗೆಲ್ಲ ಗೊತ್ತಿದೆ. ಆರಾಧನೆಯಲ್ಲೇ ಸಾಮರ್ಥ್ಯವನ್ನು ಪರಿಗಣಿಸಲಾಗಿದೆ ಎಂದಮೇಲೆ ವ್ಯಾಯಾಮದಲ್ಲಿ ಯಾಕೆ ಬೇಡ?

ಮಕ್ಕಳಿಗೆ ಬೇಕಾಗಿರುವುದು ಆಟ. ಐದರಿಂದ ಹದಿನೇಳು ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂತೆ ಓಡಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಹುಡುಗರಿಗೆ ಇದು ಹೇಗೋ ಆಗಿಬಿಡುತ್ತದೆ. ಹುಡುಗಿಯರು ಏಳನೆಯ ತರಗತಿ ದಾಟುತ್ತಲೇ ಮೈದಾನದ ಅಂಚಿಗೆ ಸರಿಯುವುದನ್ನು ಶಿಕ್ಷಕಿಯಾಗಿ ನಾನು ದಿನವೂ ನೋಡುತ್ತೇನೆ. ಎಲುಬು ಗಟ್ಟಿಯಾಗುವುದು ಅದೇ ವಯಸ್ಸಿನಲ್ಲಿ. ಮುಟ್ಟು ನಿಂತ ಮೇಲೆ ಎಲುಬು ವೇಗವಾಗಿ ಸವೆಯುತ್ತದೆ. ಆಗ ಕೈಹಿಡಿಯುವುದು ಈಗ ಕೂಡಿಟ್ಟ ಗಂಟು. ಟೆರೇಸಿನ ಮೇಲೋ ಹಿತ್ತಲಿನಲ್ಲೋ ಹಗ್ಗದಾಟ ಆಡಲು ಯಾರ ಅಪ್ಪಣೆ ಬೇಕು?

ಬಾಣಂತಿಯ ವಿಷಯ ಬೇರೆ. ನಲ್ವತ್ತು ದಿನ ಆರೈಕೆ ಇರಲಿ, ಆದರೆ ಮಂಚ ಬಿಟ್ಟು ಏಳಲೇಬಾರದು ಎಂಬುದು ಸರಿಯಲ್ಲ. ಅಲುಗಾಡದೆ ಮಲಗಿದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ತೊಂದರೆಯಿಲ್ಲದ ಹೆರಿಗೆಯಾಗಿದ್ದರೆ ಮನೆಯೊಳಗೆ ನಿಧಾನವಾಗಿ ನಡೆದಾಡಬಹುದು. ಸಿಸೇರಿಯನ್ ಆದವರು ವೈದ್ಯರನ್ನು ಕೇಳಿ ಮುಂದುವರಿಯಲಿ. ಹಾರುವುದು, ಭಾರ ಎತ್ತುವುದು ಸದ್ಯಕ್ಕೆ ಬೇಡ. ಕೆಮ್ಮಿದಾಗ, ನಕ್ಕಾಗ ಮೂತ್ರ ಜಿನುಗುವುದನ್ನು ಹೆಂಗಸರು ವರ್ಷಗಟ್ಟಲೆ ಮುಚ್ಚಿಡುತ್ತಾರೆ. ಇದು ನಾಚಿಕೆಯ ಮಾತಲ್ಲ, ಕಿಬ್ಬೊಟ್ಟೆಯ ತಳದ ಸ್ನಾಯುಗಳ ದೌರ್ಬಲ್ಯ. ಮೂತ್ರವನ್ನು ತಡೆಹಿಡಿಯುವಂತೆ ಆ ಸ್ನಾಯುಗಳನ್ನು ಐದಾರು ಸೆಕೆಂಡು ಬಿಗಿಹಿಡಿದು ಸಡಿಲಿಸುವುದು, ಉಸಿರು ಕಟ್ಟದೆ ಹತ್ತು ಸಲ, ದಿನಕ್ಕೆ ಮೂರು ಬಾರಿ. ಮೂತ್ರ ವಿಸರ್ಜಿಸುತ್ತಿರುವಾಗ ಮಾತ್ರ ಇದನ್ನು ಅಭ್ಯಾಸ ಮಾಡಬಾರದು.

ನಲ್ವತ್ತು ದಾಟಿದವರು ‘ಮನೆಗೆಲಸವೇ ಸಾಕಲ್ಲ’ ಎನ್ನುತ್ತಾರೆ. ಅರ್ಧ ನಿಜ. ವಾರಕ್ಕೆ 150 ನಿಮಿಷದ ಚುರುಕು ನಡಿಗೆಯೊಂದಿಗೆ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಎರಡು ದಿನವಾದರೂ ಬೇಕು. ನಡೆಯುವಾಗ ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಸರಿಯಾದ ವೇಗ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಉಪವಾಸದ ದಿನ ಇಫ್ತಾರ್‌ಗೆ ಮುಂಚೆ ಶ್ರಮದ ವ್ಯಾಯಾಮ ಮಾಡಿದರೆ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. ರಮಝಾನಿನಲ್ಲಿ ತರಾವೀಹ್ ನಮಾಝನ್ನೂ ಆ ದಿನದ ವ್ಯಾಯಾಮದ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಇನ್ನು ಹಿರಿಯರು. ಸುಜೂದ್‌ನಿಂದ ಏಳಲು, ಶೌಚಾಲಯದಲ್ಲಿ ಕುಳಿತು ಏಳಲು ಇನ್ನೊಬ್ಬರ ಕೈ ಬೇಕಾದ ದಿನವೇ ಅವರ ಸ್ವಾತಂತ್ರ್ಯ ಮುಗಿಯತೊಡಗುತ್ತದೆ. ‘ಉಮ್ಮಾ, ನೀವು ಕೂತಿರಿ’ ಎಂದು ಪ್ರೀತಿಯಿಂದ ಕೂರಿಸಿ ನಾವೇ ಅದನ್ನು ಬೇಗ ತರುತ್ತೇವೆ. ಕೂತಷ್ಟೂ ತೊಡೆಯ ಸ್ನಾಯು ಸೊರಗುತ್ತದೆ, ಭಾರವೆಲ್ಲ ಮೊಣಕಾಲಿನ ಮೇಲೆ ಬೀಳುತ್ತದೆ, ನೋವು ಹೆಚ್ಚುತ್ತದೆ. ನ್ಯೂಝಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು ಹಿರಿಯರ ಮನೆಗೇ ಹೋಗಿ, ಒಬ್ಬೊಬ್ಬರ ಶಕ್ತಿ ನೋಡಿ ಕಾಲಿನ ಬಲ ಮತ್ತು ಸಮತೋಲನದ ವ್ಯಾಯಾಮ ಕಲಿಸುವ ಕ್ರಮವನ್ನು ರೂಪಿಸಿದರು. ಅವರ ಪ್ರಯೋಗಗಳಲ್ಲಿ ಬೀಳುವ ಪ್ರಕರಣಗಳು ಸುಮಾರು ಮೂರನೆಯ ಒಂದರಷ್ಟು ಕಡಿಮೆಯಾದವು.

ಮನೆಯಲ್ಲಿ ಇಷ್ಟು ಮಾಡಿಸಿ. ಎತ್ತರದ ಗಟ್ಟಿ ಕುರ್ಚಿಯೊಂದನ್ನು ಗೋಡೆಗೆ ತಾಗಿಸಿಡಿ. ಏಳಲು ಕಷ್ಟವಾದರೆ ಮೇಲೆ ದಿಂಬು ಹಾಕಿ. ಮೊದಲ ವಾರ ಕೈ ಊರಿ ಐದು ಸಲ ಎದ್ದು ಕೂರಲಿ. ಕೂರುವಾಗ ಧೊಪ್ಪನೆ ಬೀಳದೆ, ಮೂರು ಎಣಿಸುತ್ತಾ ಇಳಿಯಲಿ. ಸುಲಭವಾದ ಮೇಲೆ ದಿಂಬು ತೆಗೆಯಿರಿ, ಆಮೇಲೆ ಕೈಯ ಆಸರೆಯನ್ನು ಕಡಿಮೆ ಮಾಡಿಸಿ. ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಲಿ. ವಾರಕ್ಕೆ ಮೂರು ದಿನ ಸಾಕು. ಸ್ವಲ್ಪ ನೋವಾದರೂ ಮರುದಿನಕ್ಕೆ ಇಳಿದರೆ ಚಿಂತೆಯಿಲ್ಲ. ಬೆಳಿಗ್ಗೆ ಊತ ಅಥವಾ ನೋವು ಹೆಚ್ಚಿದ್ದರೆ ಎಣಿಕೆಯನ್ನು ಅರ್ಧಕ್ಕೆ ಇಳಿಸಿ. ಎದೆನೋವು, ತಲೆಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ ವೈದ್ಯರಲ್ಲಿಗೆ ಕರೆದೊಯ್ಯಿರಿ. ಎಷ್ಟು ಸಲ ಎದ್ದರೆಂದು ಗೋಡೆಯ ಕ್ಯಾಲೆಂಡರಿನಲ್ಲಿ ಮೊಮ್ಮಕ್ಕಳ ಕೈಯಲ್ಲಿ ಬರೆಸಿ. ಪ್ಲಾಸ್ಟಿಕ್ ಕುರ್ಚಿ ಮಾತ್ರ ಬೇಡ, ಟೈಲ್ಸ್ ನೆಲದ ಮೇಲೆ ಅದು ಜಾರುತ್ತದೆ.