ಸೀರೆಯ ಬಣ್ಣ ತಟ್ಟೆಗೆ ಬೇಡ

ಧರ್ಮಾವರದ ರೇಷ್ಮೆ ಸೀರೆಯ ಕೆಂಪು, ನಿಮ್ಮಲಕುಂಟದ ತೊಗಲು ಬೊಂಬೆಯ ಹಸಿರು, ಜಾತ್ರೆಯ ಬಾಂಬೆ ಮಿಠಾಯಿಯ ಗುಲಾಬಿ: ಇವೆಲ್ಲ ಇಂದು ಹೆಚ್ಚಾಗಿ ಕಾರ್ಖಾನೆಯಲ್ಲಿ ತಯಾರಾದ ಕೃತಕ ಬಣ್ಣಗಳು. ಇವುಗಳಲ್ಲಿ ಯಾವುದನ್ನು ಎಲ್ಲಿ ಬಳಸಬೇಕು ಎಂಬ ತಿಳುವಳಿಕೆ ಪ್ರತಿಯೊಂದು ಕುಟುಂಬಕ್ಕೂ ಅಗತ್ಯ.

ಹಿಂದೆ ನೀಲಿ ಗಿಡ, ಮಂಜಿಷ್ಠದ ಬೇರು, ಅರಗು ಮುಂತಾದವುಗಳಿಂದ ಬಣ್ಣ ತೆಗೆಯುತ್ತಿದ್ದರು. 1856ರಲ್ಲಿ ಲಂಡನಿನ 18 ವರ್ಷದ ವಿಲಿಯಂ ಪರ್ಕಿನ್ ಮಲೇರಿಯಾ ಔಷಧಿಯಾದ ಕ್ವಿನೈನ್ ತಯಾರಿಸಲು ಯತ್ನಿಸುತ್ತಿದ್ದಾಗ, ಕಲ್ಲಿದ್ದಲ ಡಾಂಬರಿನಿಂದ ದೊರೆತ ಅನಿಲಿನ್ ಎಂಬ ವಸ್ತುವಿನಿಂದ ನೇರಳೆ ಬಣ್ಣ ಬಂದಿತು. ಅಲ್ಲಿಂದ ಮುಂದೆ ಅಗ್ಗದ ಬಣ್ಣದ ಬಟ್ಟೆ ಬಡವರ ಕೈಗೂ ಎಟುಕಿತು.

ಈ ಬಣ್ಣಗಳು ಜೀವವನ್ನೂ ಉಳಿಸಿವೆ. ಕ್ಷಯರೋಗದ ಕಫ ಪರೀಕ್ಷೆಯಲ್ಲಿ ಫುಕ್ಸಿನ್ ಎಂಬ ಕೆಂಪು ಬಣ್ಣವನ್ನು ಬಳಸುತ್ತಾರೆ. ಆಮ್ಲದಿಂದ ತೊಳೆದರೂ ಕ್ಷಯದ ರೋಗಾಣು ಆ ಕೆಂಪನ್ನು ಬಿಡುವುದಿಲ್ಲ. ಆದ್ದರಿಂದ ಸೂಕ್ಷ್ಮದರ್ಶಕದಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ.

ಆದರೆ ಬಟ್ಟೆಯ ಬಣ್ಣ ಹೊಟ್ಟೆಗೆ ಹೋದರೆ ಅಪಾಯ. ರೋಡಮಿನ್-ಬಿ ಎಂಬ ಗುಲಾಬಿ ಬಣ್ಣವನ್ನು ಬಟ್ಟೆ, ಕಾಗದಗಳಿಗೆ ಹಾಕುತ್ತಾರೆ. ಪ್ರಾಣಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಇದು ಪಿತ್ತಜನಕಾಂಗಕ್ಕೆ ಹಾನಿ ಮಾಡಿದೆ. ನಮ್ಮ ಗಡಿಯಾಚೆಯ ಕರ್ನಾಟಕದಲ್ಲಿ 2024ರ ಮಾರ್ಚ್ ತಿಂಗಳಲ್ಲಿ ಬಣ್ಣದ ಬಾಂಬೆ ಮಿಠಾಯಿಯನ್ನೂ, ಗೋಬಿ ಮಂಚೂರಿಗೆ ಕೃತಕ ಬಣ್ಣ ಬೆರೆಸುವುದನ್ನೂ ಸರಕಾರ ನಿಷೇಧಿಸಿತು. ಪರೀಕ್ಷಿಸಿದ 171 ಗೋಬಿ ಮಾದರಿಗಳಲ್ಲಿ 107, ಮಿಠಾಯಿಯ 25 ಮಾದರಿಗಳಲ್ಲಿ 15 ತಿನ್ನಲು ಯೋಗ್ಯವಲ್ಲವೆಂದು ಕಂಡುಬಂದಿದ್ದವು. ಆ ಆದೇಶ ಕರ್ನಾಟಕದ್ದಾದರೂ, ರೋಡಮಿನ್-ಬಿ ನಮ್ಮ ದೇಶದ ಆಹಾರ ಕಾನೂನು ಎಲ್ಲಿಯೂ ಒಪ್ಪದ ಬಣ್ಣ. ಕಾನೂನು ಒಪ್ಪಿದ ಕೃತಕ ಬಣ್ಣಗಳು ಎಂಟು ಮಾತ್ರ. ಅವನ್ನೂ ಗೊತ್ತುಪಡಿಸಿದ ತಿನಿಸುಗಳಲ್ಲಿ, ಮಿತಿ ಮೀರದಂತೆ ಬಳಸಬೇಕು.

ನಮ್ಮ ನಿತ್ಯದ ರಾಗಿಗೂ ಈ ಬಣ್ಣ ಬೆರೆಸುವ ಮೋಸವುಂಟು. ಅದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಒಂದು ಹತ್ತಿಯ ಉಂಡೆಯನ್ನು ನೀರಿನಲ್ಲಿ, ಇನ್ನೊಂದನ್ನು ಅಡುಗೆ ಎಣ್ಣೆಯಲ್ಲಿ ಅದ್ದಿ, ರಾಗಿ ಕಾಳನ್ನು ಬೇರೆ ಬೇರೆಯಾಗಿ ಉಜ್ಜಿರಿ. ಹತ್ತಿಗೆ ಬಣ್ಣ ಹತ್ತಿದರೆ ಆ ರಾಗಿ ಕಲಬೆರಕೆಯದು. ಖಾರದ ಪುಡಿಯನ್ನು ಒಂದು ಲೋಟ ನೀರಿನ ಮೇಲೆ ಉದುರಿಸಿ ನೋಡಿರಿ. ಕೂಡಲೇ ಬಣ್ಣದ ಎಳೆಗಳು ಕೆಳಗಿಳಿದರೆ ಕೃತಕ ಬಣ್ಣ ಬೆರೆತಿದೆ ಎಂದು ತಿಳಿಯಿರಿ.

ನೂಲಿಗೆ ಬಣ್ಣ ಹಾಕುವವರಿಗೂ ಒಂದು ಮಾತು. ಕ್ಯಾನ್ಸರಿಗೆ ಕಾರಣವಾಗಬಲ್ಲ ವಸ್ತುಗಳನ್ನು ಬಿಡುವ 112 ಅಜೋ ಬಣ್ಣಗಳನ್ನು ಸರಕಾರ ನಿಷೇಧಿಸಿದೆ. ಆದ್ದರಿಂದ ಹೆಸರು ಚೀಟಿಯಿಲ್ಲದ ಪುಡಿಯನ್ನು ಕೊಳ್ಳಬೇಡಿರಿ. ಕೈಗವಸು ಹಾಕಿಕೊಳ್ಳಿರಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿರಿ. ಬಣ್ಣ ಕಾಯಿಸಿದ ಪಾತ್ರೆ ಅಡುಗೆಮನೆಗೆ ಬರಬಾರದು. ಬಣ್ಣದ ನೀರು ಬಾವಿಯ ಕಡೆಗಾಗಲಿ, ಹೊಲದ ಕಡೆಗಾಗಲಿ ಹರಿಯಬಾರದು.

ಜಾತ್ರೆಯಲ್ಲಿ ಮಕ್ಕಳು ಮಿಠಾಯಿ ಬೇಕೆಂದು ಹಟ ಹಿಡಿದರೆ ಬಣ್ಣವಿಲ್ಲದ ಬಿಳಿಯದನ್ನೇ ಕೊಡಿಸಿರಿ. ಸಿಹಿ ಅದರಲ್ಲೂ ಅಷ್ಟೇ ಇರುತ್ತದೆ.