ಎತ್ತರದ ಗ್ರೀನ್‌ಗೆ ಚೆಂಡನ್ನು ಎತ್ತಬೇಕಿಲ್ಲ

ಗಾಲ್ಫ್‌ನಲ್ಲಿ ಇನ್ನೂರು ಗಜದ ಹೊಡೆತವನ್ನು ನಿರಾತಂಕವಾಗಿ ಹೊಡೆದವರು ಮೂವತ್ತು ಗಜದಲ್ಲಿ ಎಡವುವುದುಂಟು. ಅದರಲ್ಲೂ ಗ್ರೀನ್ ಒಂದಾಳೆತ್ತರ ಮೇಲಿದ್ದು, ಕುಳಿ ಕಾಣದೆ ಬಾವುಟದ ತುದಿ ಮಾತ್ರ ಕಂಡರೆ ಮುಗಿಯಿತು. ಒಂದು ಹೊಡೆತ ದಿಬ್ಬದ ನಡುವೆಯೇ ಸತ್ತುಬೀಳುತ್ತದೆ, ಮುಂದಿನದು ಗ್ರೀನ್ ದಾಟಿ ಆಚೆಯ ಇಳಿಜಾರಿಗೆ ಹಾರುತ್ತದೆ. ಮಡಿಕೇರಿ, ಚಿಕ್ಕಮಗಳೂರುಗಳಂಥ ಗುಡ್ಡದ ಊರುಗಳ ಕೋರ್ಸ್‌ಗಳಲ್ಲಿ ಆಡುವವರಿಗೆ ಇದು ಚೆನ್ನಾಗಿ ಗೊತ್ತು. ಇದರ ಹಿಂದೆ ಕೈಚಳಕದ ಕೊರತೆಗಿಂತ ಹೆಚ್ಚಾಗಿ ಬಾಯಿಂದ ಬಾಯಿಗೆ ಬಂದ ಕೆಲವು ನಂಬಿಕೆಗಳಿವೆ. ಕಣ್ಣು ಎತ್ತರವನ್ನು ಕಾಣುತ್ತದೆ, ಕೈ ಅದಕ್ಕೆ ಹೆದರುತ್ತದೆ. ಎತ್ತರದ ಹೊಣೆಯನ್ನು ಕ್ಲಬ್ಬಿಗೆ ಬಿಟ್ಟು, ಚೆಂಡು ಎಲ್ಲಿ ಇಳಿಯಬೇಕು ಎಂಬುದೊಂದನ್ನೇ ಆಟಗಾರ ಯೋಚಿಸಿದರೆ ಈ ಹೊಡೆತ ಅರ್ಧ ಸುಲಭವಾಗುತ್ತದೆ.

ತಪ್ಪು ಕಲ್ಪನೆ 1: ಚೆಂಡನ್ನು ಕೆಳಗಿನಿಂದ ಎತ್ತಿ ಕೊಡಬೇಕು

ಸತ್ಯ: ಚೆಂಡು ಮೇಲೇಳುವುದು ಕ್ಲಬ್ ಮುಖದ ಓರೆಯಿಂದ, ಅಂದರೆ ಲಾಫ್ಟ್‌ನಿಂದ. ಸ್ಯಾಂಡ್ ವೆಜ್‌ನ ಮುಖ ಸುಮಾರು 56 ಡಿಗ್ರಿ ಹಿಂದಕ್ಕೆ ವಾಲಿರುತ್ತದೆ. ಒಂಬತ್ತಡಿ ದಿಬ್ಬಕ್ಕೆ ಅದು ಬೇಕಾದಷ್ಟಾಯಿತು. ಕ್ಲಬ್ಬು ಚೆಂಡಿಗೆ ತಾಗಿಕೊಂಡಿರುವ ಅವಧಿ ಸೆಕೆಂಡಿನ ಎರಡು ಸಾವಿರ ಭಾಗಗಳಲ್ಲಿ ಒಂದರಷ್ಟು. ಅಷ್ಟರಲ್ಲಿ ಮಣಿಕಟ್ಟು ತಿರುಗಿಸಿ ಚೆಂಡನ್ನು ಎತ್ತುವುದು ಯಾರಿಂದಲೂ ಆಗದು. ಎತ್ತಲು ಹೋದವರ ಮೈಭಾರ ಹಿಂಗಾಲಿಗೆ ಸರಿಯುತ್ತದೆ. ಕ್ಲಬ್ಬು ತನ್ನ ಓಟದ ಅತಿ ತಗ್ಗಿನ ಬಿಂದುವನ್ನು ಚೆಂಡಿಗಿಂತ ಹಿಂದೆಯೇ ಮುಟ್ಟಿಬಿಡುತ್ತದೆ. ಆಗ ಎರಡರಲ್ಲೊಂದು ಖಚಿತ: ಮೊದಲು ನೆಲಕ್ಕೆ ಬಡಿದು ಚೆಂಡು ನಾಲ್ಕು ಹೆಜ್ಜೆ ಹೋಗಿ ನಿಲ್ಲುತ್ತದೆ, ಇಲ್ಲವೇ ಮೇಲೇಳುತ್ತಿರುವ ಕ್ಲಬ್ಬಿನ ಅಂಚು ಚೆಂಡಿನ ಹೊಟ್ಟೆಗೆ ತಾಗಿ ಗ್ರೀನ್ ದಾಟಿಸುತ್ತದೆ. ಸಮನೆಲದ ಮೇಲಿನ ಚೆಂಡಿಗೆ ಭಾರವನ್ನು ಮುಂಗಾಲಿನ ಮೇಲೆ ತುಸು ಹೆಚ್ಚಿಟ್ಟು, ಎದೆಯನ್ನು ಗುರಿಯತ್ತ ತಿರುಗಿಸುತ್ತ ಹೊಡೆತ ಮುಗಿಸಿದರೆ ಸಾಕು.

ತಪ್ಪು ಕಲ್ಪನೆ 2: ಮೂವತ್ತು ಗಜ ಎಂದರೆ ಮೂವತ್ತು ಗಜದ ಹೊಡೆತ

ಸತ್ಯ: ಗ್ರೀನ್ ಮೇಲಿದ್ದಾಗ ನೆಲ ಚೆಂಡಿಗೆ ಬೇಗ ಎದುರಾಗುತ್ತದೆ. ಗಾಳಿಯ ತಡೆಯನ್ನು ಬದಿಗಿಟ್ಟು ಲೆಕ್ಕ ಹಾಕೋಣ. ಸಮನೆಲದಲ್ಲಿ ಗಾಳಿಯಲ್ಲೇ 30 ಗಜ ಹೋಗುವ ಚೆಂಡು 45 ಡಿಗ್ರಿಯಲ್ಲಿ ಹೊರಟಿದೆ ಎಂದುಕೊಳ್ಳಿ. ಗ್ರೀನ್ 3 ಗಜ ಎತ್ತರದಲ್ಲಿದ್ದರೆ ಅದು ಇಳಿಯುವುದು ಸುಮಾರು 26.6 ಗಜಕ್ಕೆ, ಮೂರೂವರೆ ಗಜ ಖೋತಾ. ಅದೇ ಚೆಂಡು 30 ಡಿಗ್ರಿಯಲ್ಲಿ ತಗ್ಗಾಗಿ ಹೊರಟರೆ ಖೋತಾ ಆರೂವರೆ ಗಜಕ್ಕೂ ಹೆಚ್ಚು. 60 ಡಿಗ್ರಿಯಲ್ಲಿ ಎತ್ತರಕ್ಕೆ ಹೊರಟರೆ ಎರಡು ಗಜಕ್ಕಿಂತ ಕಡಿಮೆ. ಆದ್ದರಿಂದ "ಎಷ್ಟು ಎತ್ತರವೋ ಅಷ್ಟು ಗಜ ಸೇರಿಸು" ಎಂಬ ಕ್ಯಾಡಿಗಳ ಮಾತು ಸಾಮಾನ್ಯ ಪಿಚ್‌ಗೆ ಹೆಚ್ಚುಕಡಿಮೆ ಸರಿ. ತಗ್ಗು ಹೊಡೆತಕ್ಕೆ ಅದರ ಎರಡರಷ್ಟು ಬೇಕಾಗುತ್ತದೆ.

ತಪ್ಪು ಕಲ್ಪನೆ 3: ಮೇಲಿನ ಗ್ರೀನ್‌ಗೆ ಬಿದ್ದ ಚೆಂಡು ಬೇಗ ನಿಲ್ಲುತ್ತದೆ

ಸತ್ಯ: ಆಗುವುದು ತಿರುಗಾಮುರುಗಾ. ಮೇಲಿನ ಲೆಕ್ಕದ ಪಿಚ್ ಸಮನೆಲಕ್ಕೆ 45 ಡಿಗ್ರಿಯಲ್ಲಿ ಇಳಿಯುತ್ತಿತ್ತು. ಎತ್ತರದ ಗ್ರೀನ್‌ಗೆ ಅದು ಸುಮಾರು 38 ಡಿಗ್ರಿಯಲ್ಲಿ ಇಳಿಯುತ್ತದೆ, ಏಕೆಂದರೆ ಪೂರ್ತಿ ಬಾಗಿ ಕೆಳಗಿಳಿಯುವ ಮೊದಲೇ ನೆಲ ಸಿಕ್ಕಿಬಿಟ್ಟಿದೆ. ಓರೆಯಾಗಿ ಇಳಿದ ಚೆಂಡು ಹೆಚ್ಚು ಉರುಳುತ್ತದೆ. ದೂರ ಸೇರಿಸಿಕೊಂಡವರೂ ಚೆಂಡನ್ನು ಕುಳಿಯ ಪಕ್ಕದಲ್ಲೇ ಇಳಿಸಲು ಹೋದರೆ ಅದು ಹಿಂಬದಿಗೆ ಸಾಗುವುದು ಇದೇ ಕಾರಣಕ್ಕೆ. ಇಳಿಯುವ ಜಾಗ ಕುಳಿಗಿಂತ ಮುಂಚೆ ಇರಲಿ, ಆದರೆ ಗ್ರೀನ್‌ನ ಸಮತಟ್ಟಾದ ಭಾಗದಲ್ಲೇ ಇರಲಿ.

ತಪ್ಪು ಕಲ್ಪನೆ 4: ದಿಬ್ಬದ ಮೇಲೆ ನಿಂತ ಚೆಂಡಿಗೆ ಲಾಬ್ ವೆಜ್ಜೇ ಮದ್ದು

ಸತ್ಯ: ಚೆಂಡು ಏರುಮುಖದ ಇಳಿಜಾರಿನಲ್ಲಿದ್ದರೆ ಆ ಏರೇ ಲಾಫ್ಟ್ ಕೊಡುತ್ತದೆ. ಹತ್ತು ಡಿಗ್ರಿ ಏರಿನಲ್ಲಿ, ಭುಜಗಳನ್ನು ನೆಲದ ಓರೆಗೆ ಹೊಂದಿಸಿ ನಿಂತಾಗ 56 ಡಿಗ್ರಿಯ ವೆಜ್ 66 ಡಿಗ್ರಿಯದರಂತೆ ವರ್ತಿಸುತ್ತದೆ. ಅದರ ಮೇಲೆ 60 ಡಿಗ್ರಿಯ ಲಾಬ್ ವೆಜ್ ಹಿಡಿದರೆ ಚೆಂಡು ತಲೆಯ ಮೇಲೆ ಹಾರಿ, ಮುಂದಕ್ಕೆ ಹೋಗದೆ ಅಲ್ಲೇ ಬೀಳುತ್ತದೆ. ಇಲ್ಲಿ ಪಿಚಿಂಗ್ ವೆಜ್ ಅಥವಾ 9 ಐರನ್ ತೆಗೆದುಕೊಳ್ಳುವುದು ಜಾಣತನ.

ತಪ್ಪು ಕಲ್ಪನೆ 5: ಎತ್ತರಕ್ಕೆ ಗಾಳಿಯ ದಾರಿಯೊಂದೇ

ಸತ್ಯ: ಅಮೆರಿಕದ ನಾರ್ತ್ ಕೆರೊಲಿನಾದಲ್ಲಿರುವ ಪೈನ್‌ಹರ್ಸ್ಟ್ ನಂ. 2 ಕೋರ್ಸ್ ಇದಕ್ಕೆ ಒಳ್ಳೆಯ ಸಾಕ್ಷಿ. ಸ್ಕಾಟ್ಲೆಂಡಿನ ಡಾರ್ನಾಕ್‌ನಿಂದ ಬಂದ ಡೊನಾಲ್ಡ್ ರಾಸ್ ರೂಪಿಸಿದ ಈ ಕೋರ್ಸಿನ ಗ್ರೀನ್‌ಗಳು ಆಮೆಯ ಬೆನ್ನಿನಂತೆ ಉಬ್ಬಿವೆ. ಅಂಚಿಗೆ ಬಿದ್ದ ಚೆಂಡು ಕೆಳಕ್ಕೆ ಜಾರುತ್ತದೆ. 2014ರ ಯುಎಸ್ ಓಪನ್ ಅಲ್ಲಿ ನಡೆದಾಗ ಜರ್ಮನಿಯ ಮಾರ್ಟಿನ್ ಕೈಮರ್ ಗ್ರೀನ್‌ನ ಹೊರಗಿನಿಂದ ವೆಜ್‌ಗೆ ಬದಲು ಮತ್ತೆ ಮತ್ತೆ ಪಟರ್ ಹಿಡಿದರು, ಚೆಂಡನ್ನು ದಿಬ್ಬದ ಮೇಲೆಯೇ ಉರುಳಿಸಿದರು. ಎಂಟು ಹೊಡೆತಗಳ ಅಂತರದಿಂದ ಗೆದ್ದರು. ಹುಲ್ಲು ಸಣ್ಣಗೆ ಕತ್ತರಿಸಿದ್ದು, ನೆಲ ಗಟ್ಟಿಯಾಗಿದ್ದರೆ ಪಟರ್ ಅಥವಾ ಕಡಿಮೆ ಲಾಫ್ಟ್‌ನ ಚಿಪ್ ಮರ್ಯಾದೆಗೆಟ್ಟ ಹೊಡೆತವಲ್ಲ. ಅದರಲ್ಲಿ ತಪ್ಪಿಗೆ ಅವಕಾಶ ಕಡಿಮೆ. ಹುಲ್ಲು ಉದ್ದವಾಗಿದ್ದರೆ, ಮಳೆಗೆ ನೆಲ ಮೆತ್ತಗಾಗಿದ್ದರೆ ಮಾತ್ರ ಈ ದಾರಿ ಮುಚ್ಚುತ್ತದೆ.

ತಪ್ಪು ಕಲ್ಪನೆ 6: ನೆಲಕ್ಕೆ ಒತ್ತಿ ಹೊಡೆದರೆ ಬ್ಯಾಕ್‌ಸ್ಪಿನ್ ಬರುತ್ತದೆ

ಸತ್ಯ: ಚೆಂಡನ್ನು ಕ್ಲಬ್ಬಿಗೂ ನೆಲಕ್ಕೂ ನಡುವೆ ಹಿಂಡುವುದರಿಂದ ಸ್ಪಿನ್ ಹುಟ್ಟುವುದಿಲ್ಲ. ಓರೆಯಾದ ಮುಖ ವೇಗವಾಗಿ ಬಂದು ಚೆಂಡನ್ನು ಉಜ್ಜುವಾಗ ಉಂಟಾಗುವ ಘರ್ಷಣೆಯೇ ಅದರ ಮೂಲ. ಮುಖಕ್ಕೂ ಚೆಂಡಿಗೂ ನಡುವೆ ಹುಲ್ಲೋ ನೀರೋ ಸಿಕ್ಕಿಕೊಂಡರೆ ಘರ್ಷಣೆ ಕುಗ್ಗುತ್ತದೆ. ಕ್ಲಬ್ ಮುಖದ ಗೀರುಗಳಿರುವುದು ಆ ಹುಲ್ಲು, ನೀರಿಗೆ ಜಾಗ ಬಿಡಿಸಿಕೊಡಲು. ರಫ್‌ನಿಂದ, ಇಬ್ಬನಿ ಬಿದ್ದ ಬೆಳಗಿನ ಹುಲ್ಲಿನಿಂದ ಹೊಡೆದ ಚೆಂಡು ನಿಲ್ಲದೆ ಓಡುವುದು ಇದರಿಂದಲೇ. ಮೂವತ್ತು ಗಜದ ಮೆಲುಹೊಡೆತದಲ್ಲಿ ವೇಗವೂ ಕಡಿಮೆ. ಟಿವಿಯಲ್ಲಿ ಕಾಣುವಂತೆ ಚೆಂಡು ಹಿಂದಕ್ಕೆ ಬರಲೆಂದು ಕಾಯಬೇಡಿ. ಕ್ಲಬ್ ಮುಖ ಒರೆಸಿಕೊಂಡು ಉರುಳುವಿಕೆಗೆ ಜಾಗ ಬಿಡಿ.

ತಪ್ಪು ಕಲ್ಪನೆ 7: ಸ್ವಲ್ಪ ಮುಂಚೆ ಬಿದ್ದರೆ ನಷ್ಟವಿಲ್ಲ

ಸತ್ಯ: ಸಮನೆಲದಲ್ಲಿ ಮೂರು ಗಜ ಕಡಿಮೆಯಾದರೆ ಉದ್ದನೆಯ ಪಟ್ ಉಳಿಯುತ್ತದೆ. ಎತ್ತರದ ಗ್ರೀನ್‌ನಲ್ಲಿ ಅದೇ ಕೊರತೆ ಚೆಂಡನ್ನು ಕಾಲಬುಡಕ್ಕೆ ಮರಳಿಸಬಹುದು. ಅಗಸ್ಟಾ ನ್ಯಾಷನಲ್‌ನ 9ನೇ ಹೋಲ್ ಇದಕ್ಕೆ ಹೆಸರುವಾಸಿ. ಅದರ ಗ್ರೀನ್‌ನ ಮುಂಭಾಗ ಕಡಿದಾಗಿ ಕೆಳಕ್ಕೆ ವಾಲಿದೆ. 1996ರ ಮಾಸ್ಟರ್ಸ್‌ನ ಕೊನೆಯ ದಿನ ಆರು ಹೊಡೆತಗಳ ಮುನ್ನಡೆಯೊಂದಿಗೆ ಹೊರಟಿದ್ದ ಗ್ರೆಗ್ ನಾರ್ಮನ್ ಅವರ ಚೆಂಡು ಅಲ್ಲಿ ತುಸು ಕಡಿಮೆಯಾಗಿ ಬಿದ್ದು ದಿಬ್ಬದ ಕೆಳಗೆ ಉರುಳಿತು. ಆ ದಿನ ಅವರು ನಿಕ್ ಫಾಲ್ಡೊ ಅವರಿಗೆ ಐದು ಹೊಡೆತಗಳಿಂದ ಸೋತರು. ಒಂದೇ ಹೊಡೆತ ಇಡೀ ಸೋಲಿಗೆ ಕಾರಣವಲ್ಲ, ನಿಜ. ಆದರೆ ಆ ದಿಬ್ಬ ಯಾರಿಗೂ ರಿಯಾಯಿತಿ ತೋರುವುದಿಲ್ಲ. ಗ್ರೀನ್ ಹಿಂದೆ ಬಂಕರ್ ಅಥವಾ ಆಳವಾದ ಇಳಿಜಾರು ಇಲ್ಲದಿದ್ದರೆ ಎರಡು ಗಜ ಹೆಚ್ಚೇ ಹೋಗಲಿ.

ಹೊಡೆಯುವ ಮೊದಲು ಗ್ರೀನ್‌ವರೆಗೆ ನಡೆದು ನೋಡಿ ಬನ್ನಿ. ಕುಳಿ ಕಾಣದಿದ್ದರೆ ಜೊತೆಯವರು ಬಾವುಟವನ್ನು ಮೇಲಕ್ಕೆತ್ತಿ ತೋರಿಸಲು ನಿಯಮದಲ್ಲಿ ಅವಕಾಶವಿದೆ. ದಿಕ್ಕು ತೋರಿಸಲು ಒಬ್ಬರು ಅಡ್ಡ ನಿಲ್ಲಬಹುದು, ಹೊಡೆಯುವ ಮುನ್ನ ಅವರು ಸರಿಯಬೇಕು ಅಷ್ಟೆ. ಅಲ್ಲಿಂದಲೇ ಇಳಿಸುವ ಜಾಗವನ್ನು ಗೊತ್ತುಮಾಡಿಕೊಂಡು ಬಂದರೆ, ಕೆಳಗೆ ನಿಂತಾಗ ಆ ಜಾಗ ಕಾಣದಿದ್ದರೂ ಕೈಗೆ ಅದರ ದೂರ ತಿಳಿದಿರುತ್ತದೆ. ಅಭ್ಯಾಸವನ್ನೂ ಹೀಗೆಯೇ ಮಾಡಬೇಕು: ದಿಬ್ಬದ ಮೇಲೆ ಒಂದು ಟವೆಲ್ ಹಾಸಿ, ಕುಳಿಯನ್ನು ಮರೆತು, ಟವೆಲ್‌ ಮೇಲೆ ಚೆಂಡು ಬೀಳಿಸುವುದನ್ನಷ್ಟೇ ಕಲಿಯಿರಿ.